ಅಂಗಳಕ್ಕೆ ಇಳಿಯದ ಮನೆ

ಅನುತ್ಸಾಳ ತವರುಮನೆ ಲಾರಿಯ ಮೇಲೆ ಮಲಗಿತ್ತು. ಓಕ್ ತೊಲೆಗಳು, ಬಾಗಿಲು, ಕಿಟಕಿ ಎಲ್ಲವನ್ನೂ ಬಿಚ್ಚಿ, ಮತ್ತೆ ಜೋಡಿಸಲು ಗುರುತು ಹಾಕಿ ತಂದಿದ್ದರು. ತೀರಿಕೊಂಡ ಅಪ್ಪ ಮಗಳಿಗೆಂದು ಬಿಟ್ಟುಹೋದದ್ದು ಅದೊಂದೇ. ಆದರೆ ಅತ್ತೆ ಪಲಾಗಿಯಾ ಗೇಟಿಗೆ ಅಡ್ಡ ನಿಂತಿದ್ದಳು.

"ಈ ಸೌದೆ ನನ್ನ ಅಂಗಳಕ್ಕೆ ಇಳಿಯೋ ಹಾಗಿಲ್ಲ. ನಮ್ಮ ಈಜಾ ಕಣಿವೆಯವರೆಲ್ಲ ಸಿಮೆಂಟಿನ ಮನೆ ಕಟ್ಟಿಸ್ತಿದಾರೆ. ನನ್ನ ಮಗ ಮಾತ್ರ ಕೊಟ್ಟಿಗೇಲಿ ಸಂಸಾರ ಮಾಡ್ಬೇಕಾ?"

"ಸೌದೆ ಅಲ್ಲ ಅತ್ತೆ, ನಾನು ಹುಟ್ಟಿದ ಮನೆ. ಹಿತ್ತಲಲ್ಲಿ ನಿಲ್ಲಿಸ್ಕೋತೀವಿ."

ಬೇಲಿಯಾಚೆಯಿಂದ ನೆರೆಯ ತೊಡೊರಾ ನಕ್ಕಳು. "ಪಲಾಗಿಯಾ, ನಿನ್ನ ಸೊಸೆ ಬಳುವಳಿಗೆ ಕೋಳಿಗೂಡು ತಂದಿದಾಳೇನೇ?"

ಅನುತ್ಸಾ ಗಂಡನ ಕಡೆ ನೋಡಿದಳು. ಗಾವ್ರಿಲ ತಲೆ ತಗ್ಗಿಸಿದ. "ಅಮ್ಮ ಹೇಳಿದ ಹಾಗೇ ಆಗಲಿ ಬಿಡು."

ಲಾರಿ ರಸ್ತೆಬದಿಯಲ್ಲೇ ಉಳಿಯಿತು. ಊಟದ ಮೇಜಿನ ಸುತ್ತ ಗಂಡ, ಅತ್ತೆ ಇಬ್ಬರೂ ಇದ್ದರೂ ತನ್ನವರು ಎನ್ನಲು ಅವಳಿಗೆ ಯಾರೂ ಇರಲಿಲ್ಲ. ತಟ್ಟೆಯಲ್ಲಿದ್ದ ಮೆಕ್ಕೆಜೋಳದ ಮುದ್ದೆ, ಮಾಮಾಲಿಗಾ, ತಣ್ಣಗಾಯಿತು. ಬಸಿರಿಯಾದ ಅವಳು ಉಣ್ಣದೆ ಎದ್ದುಹೋದರೂ ಯಾರೂ ಕರೆಯಲಿಲ್ಲ...

ಬೆಳಿಗ್ಗೆ ನೋಡಿದರೆ ಪಲಾಗಿಯಾ ಲಾರಿಯ ಪಕ್ಕ ಒಂಟಿಯಾಗಿ ನಿಂತಿದ್ದಳು. ಒಂದು ಕೈ ತೊಲೆಯ ಮೇಲಿತ್ತು.

"ಗಾವ್ರಿಲನಿಗಿಂತ ಮೊದಲು ನನಗೊಬ್ಬ ಮಗಳಿದ್ದಳು," ಎಂದಳು, ಸೊಸೆಯತ್ತ ತಿರುಗದೆ. "ಅವನಿಗೂ ಹೇಳಿಲ್ಲ. ಮಗೂನ ಮಲಗಿಸಿ ಹುಲ್ಲು ಕೊಯ್ಯೋಕೆ ಹೋಗಿದ್ದೆ. ನಮ್ಮದೂ ಮರದ ಮನೆ, ಒಲೆಯಿಂದ ಕಿಡಿ ಹಾರಿತ್ತು... ಬಂದು ನೋಡಿದ್ರೆ ಗೋಡೆನೂ ಇರಲಿಲ್ಲ, ತೊಟ್ಟಿಲೂ ಇರಲಿಲ್ಲ. ಊರವರ ಮುಂದೆ ನಾಚಿಕೆ ಅಂತೀನಲ್ಲ, ನಾಚಿಕೆ ಅಲ್ಲ ಕಣೇ... ಹೆದರಿಕೆ. ನಿನ್ನ ಹೊಟ್ಟೇಲಿರೋದನ್ನ ಇದರೊಳಗೆ ಮಲಗಿಸ್ಬೇಡ."

ಅನುತ್ಸಾಳಿಗೆ ಎಷ್ಟೋ ಮಾತು ನಾಲಿಗೆಯವರೆಗೆ ಬಂತು. ಓಕ್ ಮರ ಹಾಗೆಲ್ಲ ಹೊತ್ತಿಕೊಳ್ಳುವುದಿಲ್ಲ, ಈಗಿನ ಒಲೆಗಳೇ ಬೇರೆ ಎನ್ನಬಹುದಿತ್ತು. ಆದರೆ ಮಗುವನ್ನು ಕಳೆದುಕೊಂಡವಳ ಎದುರು ಯಾವ ವಾದ ಹೂಡುವುದು? ಅವಳು ಅತ್ತೆಯ ಕೈಯನ್ನು ತೊಲೆಯಿಂದ ಬಿಡಿಸಿ ತನ್ನ ಕೈಯೊಳಗೆ ಹಿಡಿದುಕೊಂಡಳು. ಬಳಿಕ ಲಾರಿಯವನಿಗೆ ಹೇಳಿದಳು:

"ಬೆಟ್ಟದ ಮೇಲಿನ ಮಠದ ಸನ್ಯಾಸಿನಿ ತಾಯಂದಿರು ಮರದ ಮನೆಗಳಲ್ಲೇ ಇರ್ತಾರಲ್ಲ, ಅವರಿಗೆ ಕೊಟ್ಟುಬಿಡಿ."

ಮುಂದಿನ ಬೇಸಿಗೆಯ ಒಂದು ಭಾನುವಾರ, ಯಾರಿಗೂ ಹೇಳದೆ, ಕೂಸನ್ನೆತ್ತಿಕೊಂಡು ಅವಳು ಬೆಟ್ಟ ಹತ್ತಿದಳು. ಅಪ್ಪನ ಮನೆ ಅಲ್ಲಿ ಎದ್ದು ನಿಂತಿತ್ತು. ಜಗಲಿಯ ಹಗ್ಗದಲ್ಲಿ ಕಪ್ಪು ನಿಲುವಂಗಿಗಳು ಒಣಗುತ್ತಿದ್ದವು, ಒಳಗೆ ಯಾರೋ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದರು. ಎಳೆಯ ಸನ್ಯಾಸಿನಿಯೊಬ್ಬಳು ಬಾಗಿಲಿಗೆ ಬಂದಳು.

"ಯಾರನ್ನ ನೋಡ್ಬೇಕಿತ್ತಮ್ಮ? ಒಳಗೆ ಬನ್ನಿ."

ಅನುತ್ಸಾ ಹೊಸ್ತಿಲವರೆಗೂ ಹೋದಳು. ಬಿಸಿಲಿಗೆ ಕಾದ ಮರದ ವಾಸನೆ ಮುಖಕ್ಕೆ ಬಡಿಯಿತು.

"ಯಾರನ್ನೂ ಇಲ್ಲ ತಾಯಿ," ಎಂದಳು. "ದಾರಿ ತಪ್ಪಿ ಬಂದೆ."

ಕೂಸಿನ ತಲೆಗೆ ತನ್ನ ಶಾಲು ಹೊದಿಸಿ ಅವಳು ಇಳಿಜಾರಿನತ್ತ ತಿರುಗಿದಳು.