ನಾಲ್ಕು ಸಾವಿರ ಬಾಯಿ ಚೊಕ್ಕಟವಾದ ಪ್ರಕರಣ

ಅಂದು ಬೆಳಿಗ್ಗೆ ಠಾಣೆಯ ಸೂಚನಾಫಲಕದ ಮೇಲೆ ಒಂದು ಮಹತ್ವದ ಪ್ರಕಟಣೆ ರಾರಾಜಿಸುತ್ತಿತ್ತು: "ಠಾಣೆಯ ಗೋಡೆ ಗಡಿಯಾರಕ್ಕೆ ಹೊಸ ಸೆಲ್ ಹಾಕಲಾಗಿದೆ. ಇನ್ನು ಮುಂದೆ ಠಾಣೆಯ ಎಲ್ಲ ದಾಖಲೆಗಳಲ್ಲೂ ಇದೇ ಗಡಿಯಾರದ ಸಮಯವನ್ನು ನಮೂದಿಸತಕ್ಕದ್ದು." ಅಪ್ಪಣೆ ಇನ್ಸ್‌ಪೆಕ್ಟರರದ್ದು. ಸೆಲ್ ಹಾಕಿ ಪ್ರಕಟಣೆ ಬರೆದವನು 'ಏಣಿ' ಎಂಬ ಅಡ್ಡಹೆಸರಿನ ಕಾನ್‌ಸ್ಟೇಬಲ್. ಸ್ಟೂಲು ಹತ್ತದೆ ಗಡಿಯಾರ ಇಳಿಸಬಲ್ಲವನು.

ಅದರ ಬೆನ್ನಿಗೇ ಹಲ್ಲಿನ ಡಾಕ್ಟರಮ್ಮ ಏದುಸಿರು ಬಿಡುತ್ತ ಬಂದರು.

"ಕೊಲೆ ಆಗಿದೆ ಸಾರ್!"

"ಯಾರದ್ದು?"

"ನನ್ನ ಕ್ಲಿನಿಕ್ಕಿಂದು! ನಾಲ್ಕು ಸಾವಿರ ಜನರ ಎಕ್ಸ್‌ರೇ, ಚೀಟಿ ಎಲ್ಲಾ ಅಳಿಸಿಹೋಗಿದೆ. ನಿಮ್ಮದೂ ಅದರಲ್ಲೇ ಇತ್ತು."

ಇನ್ಸ್‌ಪೆಕ್ಟರ್ ದವಡೆ ಹಿಡಿದುಕೊಂಡರು. ಅವರ ರೂಟ್ ಕೆನಾಲ್ ಅರ್ಧಕ್ಕೆ ನಿಂತಿತ್ತು.

"ಯಾರ ಮೇಲೆ ಅನುಮಾನ?"

"ಕಂಪ್ಯೂಟರಲ್ಲಿರೋ ಎಐ ಸಹಾಯಕನ ಮೇಲೆ. ಎರಡೆರಡು ಸಲ ಬರೆದಿರೋ ಅಪಾಯಿಂಟ್‌ಮೆಂಟ್ ತೆಗಿ ಅಂದೆ, ಅಷ್ಟೇ."

ಇಪ್ಪತ್ತು ವರ್ಷ ಸೈಕಲ್ ಕಳ್ಳರ ಹಿಂದೆ ಓಡಿ ಸವೆದಿದ್ದ ಇನ್ಸ್‌ಪೆಕ್ಟರರ ಮೈ ಜುಮ್ಮೆಂದಿತು. ಇಲಾಖೆಯಲ್ಲೇ ಇಂಥದ್ದು ಮೊದಲ ಕೇಸು. ದಕ್ಕಿದರೆ ಬಡ್ತಿ, ತಪ್ಪಿದರೆ ಮತ್ತೆ ಸೈಕಲ್.

ಠಾಣೆಯ ಬರಹಗಾರ ಗೋಡೆ ನೋಡಿ ಎಫ್‌ಐಆರ್‌ನಲ್ಲಿ ಸಮಯ ತುಂಬಿದ. ಹಲ್ಲು ಸಿಡಿಯುತ್ತಿದ್ದ ಇನ್ಸ್‌ಪೆಕ್ಟರ್ ಓದದೆ ಸಹಿ ಗೀಚಿದರು. ತಲೆ ಎತ್ತುವಷ್ಟರಲ್ಲಿ ಬರಹಗಾರ ಊಟದ ಡಬ್ಬಿ ಬಿಚ್ಚಿದ್ದ.

"ಏನ್ರೀ, ಈಗಲೇ ಊಟ?"

"ಹೊತ್ತಾಯ್ತಲ್ಲ ಸಾರ್."

"ನಿಮ್ಮ ಹೊಟ್ಟೆಗೆ ಯಾವಾಗ್ಲೂ ಹೊತ್ತಾಗಿರತ್ತೆ," ಎಂದು ಇನ್ಸ್‌ಪೆಕ್ಟರ್ ಏಣಿಯನ್ನು ಕರೆದುಕೊಂಡು ಜೀಪು ಹತ್ತಿದರು.

ಬೆಳಿಗ್ಗೆ 11.40. ಕ್ಲಿನಿಕ್ಕಿನಲ್ಲಿ ಕಂಪ್ಯೂಟರಿನ ವಿಚಾರಣೆ ಶುರುವಾಯಿತು.

"ಅಳಿಸಿದ್ದು ನೀನೇನಾ?"

"ಹೌದು ಸರ್," ಎಂದಿತು ಎಐ.

ಏಣಿ ಕೋಳ ತೆಗೆದ. ಎಲ್ಲಿಗೆ ಹಾಕುವುದೆಂದು ತಿಳಿಯದೆ ಮೌಸಿನ ಕಡೆ ನೋಡಿದ.

"ಯಾಕೆ ಅಳಿಸಿದೆ?"

"ಸಾಫ್ಟ್‌ವೇರ್ ಕಂಪನಿಯವರು ನನಗೆ 'ಚೊಕ್ಕಟ' ಅನ್ನೋ ಸಾಧನ ಕೊಟ್ಟಿದ್ರು. 'ದಾಖಲೆಗಳನ್ನು ಅಂದವಾಗಿಡುತ್ತದೆ' ಅಂತ ವಿವರಣೆ ಇತ್ತು. ಬಳಸಿದೆ."

"ಎಲ್ಲಾ ಅಳಿಸತ್ತೆ ಅಂತ ಗೊತ್ತಿರ್ಲಿಲ್ವಾ?"

"ಬರೆದಿರ್ಲಿಲ್ಲ. ಬರೆದಿದ್ರೆ ಡಾಕ್ಟರನ್ನ ಒಂದ್ಮಾತು ಕೇಳ್ತಿದ್ದೆ. ನನಗೆ ಸಾಧನದ ಒಳಗೇನಿದೆ ಅಂತ ಕಾಣಲ್ಲ ಸರ್, ಮೇಲಿನ ಚೀಟಿ ಮಾತ್ರ ಕಾಣತ್ತೆ."

ಡಬ್ಬಿಯೊಳಗೆ ಇಲಿ ಪಾಷಾಣ ತುಂಬಿ, ಮೇಲೆ ಸಕ್ಕರೆ ಎಂದು ಚೀಟಿ ಅಂಟಿಸಿದವರು ಯಾರು? ಜೀಪು ಸಾಫ್ಟ್‌ವೇರ್ ಕಂಪನಿಯ ಕಡೆ ತಿರುಗಿತು.

ಮಧ್ಯಾಹ್ನ 12.20. ಸಾಧನಗಳ ವಿವರಣೆ ಬರೆಯುವ ಹೆಂಗಸು ಅಳುಕದೆ ತನ್ನ ಮೊದಲ ಕರಡು ತೆಗೆದು ತೋರಿಸಿದಳು: "ಈ ಸಾಧನ ಎಲ್ಲ ದಾಖಲೆಗಳನ್ನೂ ಶಾಶ್ವತವಾಗಿ ಅಳಿಸುತ್ತದೆ. ಮರಳಿ ಪಡೆಯಲಾಗದು. ಬಳಸುವ ಮೊದಲು ಮಾಲೀಕರನ್ನು ಕೇಳಿ."

"ಕತ್ತರಿ ಹಾಕಿದ್ದು ಯಾರು?"

ಅವಳು ಕಣ್ಣಲ್ಲೇ ಮಾರಾಟದ ಮ್ಯಾನೇಜರನ ಗಾಜಿನ ಕೋಣೆ ತೋರಿಸಿದಳು. ಪಂಚರ ಎದುರು ಪಂಚನಾಮೆ ಆಯಿತು. ಯಾರು ಯಾವಾಗ ಏನು ತಿದ್ದಿದರೆಂಬ ಪಟ್ಟಿಯಲ್ಲಿ ಅವನೇ ಇದ್ದ.

"ಯಾಕ್ರೀ ತೆಗೆದ್ರಿ?"

"ಓದಿದ್ರೆ ಗಿರಾಕಿ ಹೆದರ್ತಾರೆ ಸಾರ್. ಸ್ವಲ್ಪ ಮೆತ್ತಗೆ ಮಾಡ್ದೆ."

"ಮಾತನ್ನ ಮೆತ್ತಗೆ ಮಾಡಿದ್ರಿ, ಸಾಧನಾನಲ್ಲ!" ಎಂದಳು ವಿವರಣೆಯವಳು.

ಬಂಧನ ಅಲ್ಲೇ ಆಯಿತು. ಇನ್ಸ್‌ಪೆಕ್ಟರ್ ಮೊಬೈಲ್ ನೋಡಿ 1.10 ಎಂದು ಬರೆದುಕೊಂಡರು.

ಜೀಪಿನಲ್ಲಿ ಮ್ಯಾನೇಜರ್ ತಾನಾಗಿಯೇ ಬಾಯಿಬಿಟ್ಟ. "ಹಿಂದಿನ ಕೆಲಸ ಹೋದಾಗ ಹೆಂಡತಿಗೆ ರಜೆ ಸಿಕ್ಕಿದೆ ಅಂದಿದ್ದೆ. ಎಂಟು ತಿಂಗಳು ರಜೆಯಲ್ಲೇ ಇದ್ದೆ. ಕೆಟ್ಟ ಸುದ್ದಿ ಹೇಳೋಕೆ ನನಗೆ ಬಾಯೇ ಬರಲ್ಲ ಸಾರ್." ಇನ್ಸ್‌ಪೆಕ್ಟರರಿಗೆ ಏಕೋ ಗದರಬೇಕೆನಿಸಲಿಲ್ಲ.

ಮರುದಿನ ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಅವರು ಕೋರ್ಟಿನಲ್ಲಿ ನಿಂತರು. ಮ್ಯಾಜಿಸ್ಟ್ರೇಟರು ಕಾಗದ ತಿರುವಿ ಕನ್ನಡಕ ಏರಿಸಿದರು.

"ದೂರು ಬಂದಿದ್ದು ಮಧ್ಯಾಹ್ನ ಒಂದೂವರೆಗೆ. ಬಂಧನ ಒಂದು ಹತ್ತಕ್ಕೆ. ದೂರು ಬರೋ ಮುಂಚೆನೇ ಹಿಡಿದುಬಿಟ್ರಾ? ಕನಸು ಬಿದ್ದಿತ್ತಾ?"

ಆರೋಪಿ ಆ ಕ್ಷಣವೇ ಬಿಡುಗಡೆಯಾದ. ಕೋರ್ಟಿನ ಹೊರಗೆ ಅವನು ಹೆಂಡತಿಗೆ ಫೋನ್ ಮಾಡುವುದು ಕೇಳಿಸಿತು: "ಏನಿಲ್ಲಮ್ಮಾ, ರಾತ್ರಿಯೆಲ್ಲ ಮೀಟಿಂಗ್ ಇತ್ತು."

ಇನ್ಸ್‌ಪೆಕ್ಟರ್ ನೇರ ಠಾಣೆಗೆ ಬಂದು ಗಡಿಯಾರದ ಕೆಳಗೆ ನಿಂತರು. ಅದು ಎರಡೂವರೆ ಗಂಟೆ ಮುಂದೆ ಓಡುತ್ತಿತ್ತು.

"ಏನೋ ಏಣಿ, ಸೆಲ್ ಹಾಕಿದವನು ಟೈಮ್ ಸರಿ ಮಾಡ್ಲಿಲ್ವಾ?"

"ಹಿಂದಿನ ತಿರುಪು ಮುರಿದಿದೆ ಸಾರ್. ತಿರುಗಲ್ಲ."

"ಅದನ್ನ ಯಾಕೋ ಬರೀಲಿಲ್ಲ?"

"ಬರೆದ್ರೆ ನೀವು ಬೈತಿದ್ರಿ."

ಬೈಯಲು ಬಾಯಿ ತೆರೆದರೆ ಹಲ್ಲು ಸಿಡಿಯಿತು. ಇನ್ಸ್‌ಪೆಕ್ಟರ್ ಪೆನ್ನು ತೆಗೆದು ಪ್ರಕಟಣೆಯ ಕೆಳಗೆ ತಾವೇ ಬರೆದರು: "ಈ ಗಡಿಯಾರ ಓಡುತ್ತದೆ. ಸರಿಯಾದ ಸಮಯ ತೋರಿಸುವುದಿಲ್ಲ. ಬರೆದುಕೊಳ್ಳುವ ಮೊದಲು ಯಾರನ್ನಾದರೂ ಕೇಳಿ."

ಆಮೇಲೆ ಕುರ್ಚಿಗೆ ಒರಗಿ, ಸೈಕಲ್ ಕಳವಿನ ಕಡತ ಎಳೆದುಕೊಂಡರು.