ಬ್ಯಾಟು ಹಿಡಿದವನ ಬೆದರಿಕೆ

ಬೇಸ್‌ಬಾಲ್ ಪ್ಯಾಂಟಿನ ಮೊಣಕಾಲಿಗೆ ಹತ್ತಿದ ಎರೆಮಣ್ಣು ಎಷ್ಟು ತಿಕ್ಕಿದರೂ ಬಿಡುತ್ತಿರಲಿಲ್ಲ. ಬೆಟಗೇರಿಯ ತನ್ನ ಓಣಿಯ ನಳದ ಮುಂದೆ ಕುಕ್ಕರಗಾಲಲ್ಲಿ ಕೂತ ಸಿದ್ದಲಿಂಗವ್ವನ ಸೊಂಟ ಆಗಲೇ ಸೋತಿತ್ತು. ನಾಗಾವಿ ಹತ್ತಿರದ ಬಯಲಿನಲ್ಲಿ ಬೇಸ್‌ಬಾಲ್ ಸಿನಿಮಾದ ಶೂಟಿಂಗ್ ಶುರುವಾದಾಗಿನಿಂದ ನಟರ ಬಟ್ಟೆ ಒಗೆಯುವ ಕೆಲಸ ಅವಳದು. ಕಟ್ಟೆಯ ಮೇಲೆ ನೆರೆಮನೆಯ ಗುರುಸಿದ್ದವ್ವ ಕಾಲು ಚಾಚಿದ್ದಳು. ಪೊಲೀಸ್ ಹವಾಲ್ದಾರಿಕೆಯಿಂದ ನಿವೃತ್ತಳಾಗಿದ್ದರೂ ಊರಿನ ಒಗಟುಗಳೆಲ್ಲ ಅವಳ ಬಾಗಿಲಿಗೇ ಬರುತ್ತಿದ್ದವು.

"ಈ ರಕ್ತ ಹೋಗೂದಿಲ್ಲ ಬಿಡಕ್ಕ," ಎಂದು ಸಿದ್ದಲಿಂಗವ್ವ ಒಂದು ಅಂಗಿ ಎತ್ತಿ ತೋರಿಸಿದಳು. ತಿಂಗಳ ಹಿಂದೆ ನಾಯಕನಟ ಮೌನೇಶನ ಬಾಯಿಗೆ ಚೆಂಡು ಬಡಿದಿತ್ತು. ತುಟಿ ಒಡೆದಿದೆಯೆಂದು ಅಂದಿನಿಂದ ಅವನು ಮಾತಾಡದೆ ಬಾಯಿಗೆ ಟವೆಲ್ಲು ಹಿಡಿದೇ ಓಡಾಡುತ್ತಿದ್ದ. ದೃಶ್ಯ ಮುಗಿಯುವವರೆಗೆ ಕಲೆ ಹಾಗೇ ಇರಲೆಂದು ನಿರ್ದೇಶಕಿ ಶೈಲಾ ಅಂಗಿಯನ್ನು ಒಗೆಯಲು ಕೊಟ್ಟಿರಲಿಲ್ಲ.

ಅಷ್ಟರಲ್ಲಿ ಶೈಲಾ ತಾನೇ ಬಂದಳು. ನಿದ್ದೆಗೆಟ್ಟ ಕಣ್ಣು. ಹಿಂದಿನ ದಿನ ಗುರುತಿಲ್ಲದ ನಂಬರಿನಿಂದ ತನಗೆ ಬಂದ ಧ್ವನಿ ಸಂದೇಶವನ್ನು ಮೊಬೈಲಿನಲ್ಲಿ ಕೇಳಿಸಿದಳು.

"ಸೂರ್ಯ ಮುಳುಗೂದ್ರಾಗ ಊರ ಬಿಡು. ಸುಮ್ಮನ ಸಾಯಬ್ಯಾಡ."

ಅದು ಮೌನೇಶನ ದನಿಯೇ ಎಂದು ಸಿನಿಮಾದವರೆಲ್ಲ ಗುರುತಿಸಿದ್ದರು. ಹೋದ ವರ್ಷ ಇನ್ನೂ ಬಿಡುಗಡೆಯಾಗದ ಒಂದು ಕ್ರೈಮ್ ವಿಡಿಯೋ ಗೇಮಿಗೆ ಅವನು ಗೂಂಡಾನ ದನಿ ಕೊಟ್ಟಿದ್ದ. ಸಿನಿಮಾದಲ್ಲಿ ಬ್ಯಾಟುಗಾರನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಪಾತ್ರ ಮಾಡುವ ಅಜಯಕುಮಾರ ಅದೇ ಗೇಮಿನಲ್ಲಿ ಪೊಲೀಸನ ದನಿ. ಕೇಳಿದ್ದಕ್ಕೆ ಮೌನೇಶ "ನಾನಲ್ಲ, ಅದು ಹಳೇ ದನಿ" ಎಂದು ಮೊಬೈಲಿನಲ್ಲಿ ಬರೆದು ತೋರಿಸಿದನಂತೆ. ಹಾಗಾದರೆ ಬಾಯಿಬಿಟ್ಟು ಹೇಳು ಎಂದರೆ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಕೂತನಂತೆ.

"ಸಂಜೀಕ ಠಾಣೇಕ ಹೋಗಬೇಕ್ರೀ," ಎಂದಳು ಶೈಲಾ. "ಹೋದ್ರ ಅವನ ಬಾಳೇ ಮುಗೀತೈತಿ."

ಗುರುಸಿದ್ದವ್ವ ಸಂದೇಶವನ್ನು ಮತ್ತೆ ಮತ್ತೆ ಕೇಳಿದಳು. ಗೇಮಿಗೆ ನಟರ ದನಿ ಮುದ್ರಿಸಿದ್ದ ಮೊಹಸಿನನಿಗೆ ಫೋನು ಹಚ್ಚಿದಳು. ಇಬ್ಬರು ನಟರೂ ಒಂದೇ ದಿನ ಸಿಗುತ್ತಿರಲಿಲ್ಲವಾದ್ದರಿಂದ, ತಾಲೀಮಿಗೆಂದು ಒಬ್ಬನ ಮಾತನ್ನು ಇನ್ನೊಬ್ಬನಿಗೆ ಕಳಿಸುತ್ತಿದ್ದೆ ಎಂದ ಅವನು. ಅವರವರ ಮಾತನ್ನು ಅವರಿಗೇ ಕಳಿಸುವುದು ಯಾತಕ್ಕೆ? ಅದನ್ನು ಕಳಿಸಿರಲಿಲ್ಲವಂತೆ.

"ನಡೀ ಸಿದ್ದಲಿಂಗವ್ವ, ಒಗ್ಯಾಣ ಆಮ್ಯಾಲೆ ಮಾಡೀಯಂತ," ಎಂದು ಗುರುಸಿದ್ದವ್ವ ನಿಟ್ಟುಸಿರಿಟ್ಟು ಎದ್ದಳು.

ಬಯಲಿನ ತಗಡಿನ ಶೆಡ್ಡಿನಲ್ಲಿ ಎಲ್ಲರೂ ಸೇರಿದರು. ಮೌನೇಶ ಮೂಲೆಯಲ್ಲಿ ಬಾಯಿಗೆ ಟವೆಲ್ಲು ಹಿಡಿದು ನಿಂತಿದ್ದ.

"ತಮ್ಮಾ, ಅದೇ ಮಾತು ಒಮ್ಮೆ ಅನ್ನು. ಅನ್ನಲಿಲ್ಲಂದ್ರ ಜೈಲಿನ್ಯಾಗ ಅನ್ನಬೇಕಾಗತೈತಿ," ಎಂದಳು ಗುರುಸಿದ್ದವ್ವ.

ಅವನು ಟವೆಲ್ಲು ತೆಗೆದು ಆ ಮಾತು ಅಂದ. ಮೇಲಿನ ಎರಡು ಹಲ್ಲು ಇರಲಿಲ್ಲ. ಸೂರ್ಯ, ಸುಮ್ಮನ, ಸಾಯಬ್ಯಾಡ, ಒಂದೊಂದಕ್ಕೂ ಸಿಳ್ಳಿನಂತೆ ಗಾಳಿ ಸೋರಿತು. ಯಾರೋ ಕಿಸಕ್ಕೆಂದರು. ಪಾಪ, ತುಟಿ ಮಾತ್ರ ಒಡೆದಿದೆ ಎಂದುಕೊಂಡಿದ್ದೆವಲ್ಲ ಎಂದು ಸಿದ್ದಲಿಂಗವ್ವ ಮರುಗಿದಳು.

"ನಿನ್ನೆ ಬಂದ ದನಿಯೊಳಗ ಈ ಸಿಳ್ಳು ಇಲ್ಲ," ಎಂದಳು ಗುರುಸಿದ್ದವ್ವ. "ಅಂದ್ರ ಚೆಂಡು ಬಡಿಯೂಕಿಂತ ಮುಂಚಿಂದು. ಗೇಮಿನ ಮಾತು, ಆ ಗೇಮು ಇನ್ನೂ ಹೊರಗ ಬಂದಿಲ್ಲ. ಸಿನಿಮಾದ ಮಾತು ಕಡೀಕ ಮುದ್ರಿಸ್ತಾರಂತ, ಈಗ ಬರೇ ತುಟಿ ಆಡಿಸಿದ್ರ ಸಾಕಂತ, ಅದಕ್ಕ ಹಲ್ಲು ಹೋದದ್ದು ಯಾರಿಗೂ ತಿಳೀಲಿಲ್ಲ. ಇವನ ಮಾತು ಇವನ ಹತ್ರ ಇಲ್ಲ. ಮೊಹಸಿನ ಅದನ್ನ ಕಳಿಸಿದ್ದು ಒಬ್ಬನಿಗೇ. ಹೌದಲ್ಲೋ ಅಜಯಕುಮಾರ?"

ಅಜಯಕುಮಾರ ಓಡಲಿಲ್ಲ, ಕೂಗಾಡಲೂ ಇಲ್ಲ. ಕೈಯಲ್ಲಿದ್ದ ಕ್ಯಾಚರಿನ ಮುಖವಾಡವನ್ನು ನೆಲಕ್ಕಿಟ್ಟ.

"ಗೇಮಿನಾಗ ಬರೇ ದನಿ. ಇಲ್ಲಿ ಮಾರಿ ಮ್ಯಾಲೆ ಕಬ್ಬಿಣದ ಜಾಳಗಿ. ನನ್ನ ಮಾರಿ ಯಾರು ನೋಡ್ಯಾರ್ರೀ? ಇವನು ಹೋದ್ರ ಆ ಪಾತ್ರ ನನಗ ಬರ್ತಿತ್ತು."

ಶೈಲಾ ಅವನನ್ನು ಮನೆಗೆ ಕಳಿಸಿದಳು. ಅವನ ಮೇಲೆ ದೂರು ಕೊಡುವುದೋ ಬಿಡುವುದೋ, ನಾಳೆ ನೋಡೋಣ ಎಂದಳು. ಇವತ್ತಿಗೆ ಅವಳಲ್ಲಿ ತ್ರಾಣವಿರಲಿಲ್ಲ.

ಹಲ್ಲು ಹೋದದ್ದನ್ನು ಮುಚ್ಚಿಟ್ಟದ್ದೇಕೆ ಎಂದು ಸಿದ್ದಲಿಂಗವ್ವ ಕೇಳಿದಳು. ಮೌನೇಶ ಬ್ಯಾಟಿನ ಚೀಲದಿಂದ ಮಡಚಿ ಮಡಚಿ ಸವೆದ ಲಕೋಟೆ ತೆಗೆದ. ಗೇಮಿನ ಎರಡನೇ ಭಾಗಕ್ಕೂ ನಿನ್ನ ದನಿಯೇ ಬೇಕು, ಒಪ್ಪಿಗೆ ಬರೆದು ಕಳಿಸು ಎಂದು ಕಂಪನಿಯವರು ಕೇಳಿದ್ದರು. ಹಲ್ಲು ಹೋಗಿದೆ, ಈಗಿನ ದನಿ ಕೇಳಿ ಆಮೇಲೆ ಹೇಳಿರಿ ಎಂದು ಅವನು ಆಗಲೇ ಬರೆದಿದ್ದ. ಅದನ್ನು ಅಂಚೆಗೆ ಹಾಕುವ ಧೈರ್ಯವಾಗಿರಲಿಲ್ಲ.

"ಬ್ಯಾಡ ಅಂದ್ರ?" ಎಂದ, ಸಿಳ್ಳು ಹಾಕುತ್ತಲೇ.

"ಅಂದ್ರ ಅನ್ಲಿ ತಮ್ಮಾ. ಬಾಯಿ ಮುಚ್ಚಿಕೊಂಡು ಎಷ್ಟು ದಿನ ಕುಂಡ್ರತಿ?" ಎಂದಳು ಗುರುಸಿದ್ದವ್ವ.

ಊರಿಗೆ ಮರಳುವಾಗ ಅವನು ಅಂಚೆ ಡಬ್ಬಿಯ ಮುಂದೆ ನಿಂತ. ಇಬ್ಬರು ಮುದುಕಿಯರೂ ಅವಸರ ಮಾಡದೆ ಕಾದರು. ಅವನು ಲಕೋಟೆಯನ್ನು ಒಳಗೆ ತುರುಕಿ ಕೈ ಬಿಟ್ಟ.