ಎಂಟು ಲಾಳಗಳ ಪ್ರಕರಣ

ಸುರುಳಿಯಕ್ಕ ಆ ಬೆಳಿಗ್ಗೆ ನಮ್ಮ ಮೆಟ್ಟಿಲು ಹತ್ತಿ ಬಂದಾಗ ಕಣ್ಣು ಕೆಂಪಗಾಗಿದ್ದವು, ಕೈಯಲ್ಲಿ ಕತ್ತರಿ ಇತ್ತು. ಕತ್ತರಿ ನೋಡಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅತ್ತಿಗೆ ಮಾತ್ರ ಕುರ್ಚಿ ಎಳೆದು ಅವಳನ್ನು ಕೂರಿಸಿದರು.

ನಮ್ಮ ಮನೆಯ ಕೆಳಗೇ ವಿದ್ಯುತ್ ಮೀಟರ್ ತಯಾರಿಸುವ ಪುಟ್ಟ ಕಾರ್ಖಾನೆ. ಅಕ್ಕ ಅಲ್ಲಿ ಇಪ್ಪತ್ತು ವರ್ಷದಿಂದ ತಾಮ್ರದ ತಂತಿಯ ಸುರುಳಿ ಸುತ್ತುತ್ತಿದ್ದಳು. ಅತ್ತಿಗೆಯಾದರೋ ತಂತಿ, ಪಿಂಗಾಣಿ, ರಬ್ಬರುಗಳನ್ನು ಎಳೆದು ಕಾಯಿಸಿ ಪರೀಕ್ಷಿಸುವ ಕೆಲಸದಿಂದ ನಿವೃತ್ತರಾದವರು. ಎಷ್ಟು ಬಿಸಿ ಮಾತು ಬಿದ್ದರೂ ಸುಡುವುದಿಲ್ಲವೆಂದು ಕೆಳಗಿನವರು ಅವರನ್ನು ಅಭ್ರಕದಮ್ಮ ಎನ್ನುತ್ತಿದ್ದರು. ಕಾರ್ಖಾನೆಯಲ್ಲಿ ಏನು ಕಳೆದರೂ ಹುಡುಕುವವರು ಅವರು, ಹಿಂದೆ ಚೀಲ ಹಿಡಿಯುವವನು ಮೈದುನನಾದ ನಾನು.

ಕಳೆದದ್ದು ಎಂಟು ಲಾಳಾಕಾರದ ಅಯಸ್ಕಾಂತಗಳು. ಸಂಜೆ ಐದಕ್ಕೆ ಅವು ಮೀಟರುಗಳೊಳಗೆ ಕೂತು ಗಿರಾಕಿಯ ಕೈ ಸೇರಬೇಕಿತ್ತು. ಬೀರುವಿನ ಕೀಲಿ ಅಕ್ಕನ ಬೀಗವಿಲ್ಲದ ಡ್ರಾಯರಿನಲ್ಲಿರುತ್ತಿತ್ತು. ಬೆಳಿಗ್ಗೆ ಯಜಮಾನಿ ಎಲ್ಲರಿಗಿಂತ ಮೊದಲು ಬಂದು ಬೀರು ತೆಗೆದರೆ ಒಳಗೆ ಖಾಲಿ.

"ನನ್ನ ಕತ್ತರಿಗೆ ಗುಂಡುಸೂಜಿ ಅಂಟ್ಕೊಳ್ತು. ಲಾಳ ಮುಟ್ಟಿದ್ದು ನೀನೇ ಅಂದ್ರು," ಎಂದಳು ಅಕ್ಕ. "ಸಂಜೆಯೊಳಗೆ ಸಿಗದಿದ್ರೆ ನಾಳೆಯಿಂದ ಬರಬೇಡ ಅಂತ ಹೇಳಿದಾರೆ."

ಅತ್ತಿಗೆ ಕತ್ತರಿಯಿಂದ ಒಂದು ಸೂಜಿ ಎತ್ತಿ ನೋಡಿ, "ಹೂಂ, ನಡಿ," ಎಂದರು.

ಕಾರ್ಖಾನೆಯ ಬಾಗಿಲ ಬಳಿ ನಾಲ್ಕು ಮೊಳೆಗಳು. ಅಯಸ್ಕಾಂತಕ್ಕೆ ಗಡಿಯಾರ ಕೆಡುತ್ತದೆಂದು ಒಳಗೆ ಬರುವವರೆಲ್ಲ ಕೈಗಡಿಯಾರ ಬಿಚ್ಚಿ ಅಲ್ಲಿ ನೇತುಹಾಕಬೇಕು, ಹೋಗುವಾಗ ಕಟ್ಟಿಕೊಳ್ಳಬೇಕು. ಯಜಮಾನಿ, ಮೇಸ್ತ್ರಿ, ಅಕ್ಕ, ಮೀಟರುಗಳನ್ನು ಪೆಟ್ಟಿಗೆಗೆ ತುಂಬುವ ಡಬ್ಬಿ ಮಾವ, ಇಷ್ಟೇ ಜನ. ಡಬ್ಬಿ ಮಾವನ ಮೇಲೆ ನನಗೆ ಆಗಲೇ ಗುಮಾನಿ ಬಂದಿತ್ತು. ಅವನ ಕೆಮ್ಮೇ ಕಳ್ಳ ಕೆಮ್ಮು.

ಅತ್ತಿಗೆ ಬೀರು ನೋಡಿದರು, ಖಾಲಿ ಪೆಟ್ಟಿಗೆ ನೋಡಿದರು, ಆಮೇಲೆ ಮೇಸ್ತ್ರಿಯ ಮೇಜಿಗೆ ಒರಗಿ ನಿಂತರು. "ಇದು ಅಲ್ಲಾಡ್ತಿತ್ತಲ್ಲ?" ಎಂದು ಕೇಳಿದಾಗ, ತಿಂಗಳ ಹಿಂದೆಯೇ ಸರಿ ಮಾಡಿದೆನೆಂದು ಮೇಸ್ತ್ರಿ ಹೆಮ್ಮೆಯಿಂದ ಹೇಳಿದ. ಅತ್ತಿಗೆ ಬಗ್ಗಿ ಕಾಲಿನ ಕೆಳಗಿನ ಕಬ್ಬಿಣದ ಪಟ್ಟಿಗಳನ್ನು ಎಣಿಸಿದರು. ಎಂಟಿದ್ದವು.

ಅಷ್ಟರಲ್ಲಿ ಮೇಸ್ತ್ರಿ ಬಾಗಿಲ ಬಳಿ ಹೋಗಿ ಮೊಳೆಯಲ್ಲಿದ್ದ ತನ್ನ ಗಡಿಯಾರ ನೋಡಿ, ಒಂದಾಯಿತೆಂದು ಊಟಕ್ಕೆ ಕೈ ತೊಳೆಯಲು ಹೋದ. ಪಕ್ಕದ ಮೊಳೆಗೆ ನೇತುಹಾಕಿದ್ದ ನನ್ನದರಲ್ಲಿ ಇನ್ನೂ ಹನ್ನೆರಡೂವರೆ. ಹೊಟ್ಟೆಬಾಕನೆಂದುಕೊಂಡು ಸುಮ್ಮನಾದೆ. ಅತ್ತಿಗೆ ಸುಮ್ಮನಾಗಲಿಲ್ಲ. ನನ್ನ ಚೀಲದಿಂದ ದಿಕ್ಸೂಚಿ ತೆಗೆದುಕೊಂಡು ಬಾಗಿಲ ಕಡೆ ನಡೆದರು.

ಊಟವಾದ ಮೇಲೆ ಎಲ್ಲರನ್ನೂ ಮೇಸ್ತ್ರಿಯ ಮೇಜಿನ ಸುತ್ತ ಕೂರಿಸಿದರು. ಅಕ್ಕ ಕೆಲಸದ ಅಂಗಿಯನ್ನು ಆಗಲೇ ಮಡಿಸಿ ತೊಡೆಯ ಮೇಲಿಟ್ಟುಕೊಂಡಿದ್ದಳು.

"ಮೊದಲು ಕತ್ತರಿ," ಎಂದರು ಅತ್ತಿಗೆ. "ಇದು ಗಟ್ಟಿ ಉಕ್ಕು. ಒಮ್ಮೆ ಅಯಸ್ಕಾಂತದ ಗುಣ ಹತ್ತಿದ್ರೆ ಬಿಡಲ್ಲ. ಈ ಕೋಣೆಯ ಉಕ್ಕಿನ ಸಾಮಾನೆಲ್ಲ ಹೀಗೇ." ಯಜಮಾನಿಯ ಸ್ವಂತ ಚಾಕುವನ್ನು ಸೂಜಿಗಳ ಮೇಲೆ ಹಿಡಿದರು. ಮೂರು ಸೂಜಿ ಎದ್ದವು. ಯಜಮಾನಿಯ ಮುಖ ಸಪ್ಪಗಾಯಿತು.

ನಂತರ ಮೇಜಿನ ಕಾಲಿನಿಂದ ಒಂದು ಪಟ್ಟಿ ಎಳೆದು ಸೂಜಿಗೆ ತಾಗಿಸಿದರು. ಒಂದೂ ಏಳಲಿಲ್ಲ. ಇಲ್ಲೇ ತಿಂಗಳಿಂದ ಬಿದ್ದಿದ್ದರೂ ಆ ಗುಣ ನಿಲ್ಲದ್ದರಿಂದ ಇದು ಮೆದು ಕಬ್ಬಿಣವೆಂದು ವಿವರಿಸಿದರು. ಲಾಳದ ಎರಡು ತುದಿಗೆ ಅಡ್ಡವಾಗಿ ಇಂಥ ಪಟ್ಟಿ ಇಟ್ಟರೆ ಅದರ ಬಲ ಉಳಿಯುತ್ತದೆ, ತೆಗೆದರೆ ದಿನೇ ದಿನೇ ಸೊರಗುತ್ತದೆ. ಎಂಟು ಲಾಳಕ್ಕೆ ಎಂಟು ಪಟ್ಟಿ. ಮೇಜು ಸರಿಯಾಯಿತು, ಲಾಳ ಹಾಳಾಯಿತು. ಅವನ್ನು ಗುಟ್ಟಾಗಿ ಹೊರಗೊಯ್ದು ಮತ್ತೆ ಬಲ ತುಂಬಿಸುವ ಅಗತ್ಯ ಒಬ್ಬರಿಗೆ ಮಾತ್ರ ಇತ್ತು.

"ಊಹೆ ಸಾಕೇ?" ಎಂದ ಮೇಸ್ತ್ರಿ, ಬೆವರೊರೆಸಿಕೊಳ್ಳುತ್ತ.

"ಸಾಲದು. ನಿಮ್ಮ ಗಡಿಯಾರ ಅರ್ಧ ಗಂಟೆ ಮುಂದಿದೆ. ಒಳಗಿನ ಕೂದಲೆಳೆಯಂಥ ಸ್ಪ್ರಿಂಗಿಗೆ ಅಯಸ್ಕಾಂತ ಹತ್ತಿದ್ರೆ ಸುತ್ತುಗಳು ಅಂಟ್ಕೊಂಡು ಗಡಿಯಾರ ಬೇಗ ಓಡುತ್ತೆ. ನನ್ನ ದಿಕ್ಸೂಚಿಯ ಮುಳ್ಳು ಅದಕ್ಕೆ ಮಾತ್ರ ತಿರುಗಿತು. ಮೊಳೆಯ ಮೇಲಿರೋ ಗಡಿಯಾರಕ್ಕೆ ಲಾಳ ಎಲ್ಲಿ ಸಿಕ್ತು?"

ಹೊರಗೆ ಹೋಗುವಾಗ ಗಡಿಯಾರ ಕಟ್ಟಿಕೊಳ್ಳುವುದು ಅವನಿಗೆ ಎಷ್ಟು ರೂಢಿಯಾಗಿತ್ತೆಂದರೆ, ಹಿಂದಿನ ಸಂಜೆ ಅದೇ ಕೈಯಲ್ಲಿ ಲಾಳದ ಚೀಲ ಹಿಡಿದದ್ದು ಹೊಳೆಯಲೇ ಇಲ್ಲ. ಮೇಸ್ತ್ರಿ ಎದ್ದು ಹೋಗಿ ಸೈಕಲ್ಲಿನ ಊಟದ ಚೀಲ ತಂದ. ಎಂಟೂ ಇದ್ದವು, ತಮ್ಮನ ಅಂಗಡಿಯಲ್ಲಿ ಬಲ ತುಂಬಿಸಿಕೊಂಡು. ಯಾರೂ ಬರುವ ಮೊದಲೇ ಒಳಗಿಡಬೇಕೆಂದಿದ್ದನಂತೆ, ಯಜಮಾನಿ ಮುಂಚೆ ಬಂದುಬಿಟ್ಟಿದ್ದರು.

ಯಜಮಾನಿ ಅಕ್ಕನ ಕೈ ಹಿಡಿದು ಕ್ಷಮೆ ಕೇಳಿ ಕೀಲಿ ಕೊಟ್ಟರು. ಅಕ್ಕ ನೋಡುತ್ತಿದ್ದದ್ದು ಮೇಸ್ತ್ರಿಯನ್ನು.

"ಪಟ್ಟಿ ತೆಗೆದದ್ದಕ್ಕೆ ಬೇಜಾರಿಲ್ಲಣ್ಣ. ನಾನು ಇಲ್ಲೇ ಕೂತು ಅಳ್ತಿದ್ದೆ. ನೀವು ನೋಡ್ತಾ ಇದ್ರಿ."

ಮೇಸ್ತ್ರಿ ಲಾಳಗಳನ್ನು ಒಂದೊಂದಾಗಿ ಮೀಟರುಗಳೊಳಗೆ ಕೂರಿಸತೊಡಗಿದ. ಐದಕ್ಕೆ ಗಿರಾಕಿ ಮೀಟರುಗಳನ್ನು ಒಯ್ದ. ಡಬ್ಬಿ ಮಾವನಿಗೆ ನಾನು ಕೆಮ್ಮಿನ ಗುಳಿಗೆ ತಂದುಕೊಟ್ಟೆ, ಕಾರಣ ಹೇಳಲಿಲ್ಲ.

ಪಟ್ಟಿಗಳು ಮುಂದಿನ ಲಾಳಗಳಿಗೆಂದು ಬೀರು ಸೇರಿದ ಮೇಲೆ ಮೇಸ್ತ್ರಿಯ ಮೇಜು ಮತ್ತೆ ಅಲ್ಲಾಡತೊಡಗಿತು. ಅವನು ಎಂಟು ದಿನ ಚೆಲ್ಲಿದ ಚಹಾ ಒರೆಸಿದ, ಏನನ್ನೂ ಮೇಜಿನ ಕಾಲಿಗೆ ಒತ್ತು ಕೊಡುವ ಧೈರ್ಯ ಮಾಡಲಿಲ್ಲ. ಒಂಬತ್ತನೆಯ ದಿನ ಅಕ್ಕ ತನ್ನ ಸುರುಳಿಗೆ ಸುತ್ತುವ ದಪ್ಪ ಕಾಗದದ ಚೂರೊಂದನ್ನು ಅದೇ ಕತ್ತರಿಯಿಂದ ಕತ್ತರಿಸಿ, ನಾಲ್ಕು ಮಡಿಕೆ ಮಾಡಿ ಮೇಜಿನ ಕಾಲಿನ ಕೆಳಗೆ ಇಟ್ಟು ಬಂದಳು.